ಹಳದಿ ಎಚ್ಚರಿಕೆ ಬಂತು, ಮಳೆ ಪಕ್ಕದ ಊರಿಗೆ ಹೋಯಿತು: ಬೇಸಿಗೆಯ ಗುಡುಗುಮಳೆ ಮುನ್ಸೂಚನೆಯನ್ನು ಓದುವ ಬಗೆ

ಪ್ರಶ್ನೆ: ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ನಮ್ಮದು ಮಾವಿನ ತೋಟ. ಏಪ್ರಿಲ್ ಕೊನೆಯಲ್ಲಿ ನಾಲ್ಕು ದಿನ ಸಾಲಾಗಿ ನಮ್ಮ ಜಿಲ್ಲೆಗೆ ಹಳದಿ ಎಚ್ಚರಿಕೆ ಇತ್ತು, ಒಂದು ಹನಿಯೂ ಬೀಳಲಿಲ್ಲ. ಐದನೆಯ ದಿನವೂ ಅದೇ ಹಳದಿ ಬಣ್ಣವೇ ಇತ್ತು. ಆ ಸಂಜೆ ಮೂರು ಮೈಲಿ ಆಚೆಯ ಊರಿನಲ್ಲಿ ಆಲಿಕಲ್ಲು ಬಿದ್ದು ಅರ್ಧ ತೋಟ ನೆಲಕ್ಕಿಳಿಯಿತು, ನಮ್ಮಲ್ಲಿ ಬರೀ ಗಾಳಿ. ಉಪಗ್ರಹ, ಕಂಪ್ಯೂಟರ್ ಎಲ್ಲ ಇದ್ದೂ ಊರಿನ ಮಟ್ಟಕ್ಕೆ ಒಂದು ದಿನ ಮೊದಲು ಹೇಳಲು ಏಕೆ ಆಗುವುದಿಲ್ಲ? ಇಂಥ ಎಚ್ಚರಿಕೆ ನಂಬಿ ಕಾಯಿಯನ್ನು ಮೊದಲೇ ಕೀಳಬೇಕೇ, ಬಿಡಬೇಕೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಹಳದಿ ಎಚ್ಚರಿಕೆ ಒಂದನ್ನೇ ನಂಬಿ ಬಲಿಯದ ಕಾಯಿಯನ್ನು ಕೀಳಬೇಡಿ. ಆದರೆ ಅದೇ ಎಚ್ಚರಿಕೆಯ ಮೇಲೆ ಮಾಡಬೇಕಾದ ಬೇರೆ ಕೆಲಸಗಳಿವೆ, ಮತ್ತು ಅವುಗಳನ್ನು ಮಾಡದೆ ಉಳಿದರೆ ನಷ್ಟವಾಗುವುದು ಹಣ್ಣಿಗಿಂತ ಮೊದಲು ಮನುಷ್ಯರಿಗೆ. ಇದು ಏಕೆ ಹೀಗೆ ಎಂಬುದನ್ನು ತಿಳಿಯಬೇಕಾದರೆ ಆ ಐದು ದಿನಗಳ ಮುನ್ಸೂಚನೆ ನಿಜವಾಗಿ ಏನು ಹೇಳಿತ್ತು ಎಂಬಲ್ಲಿಂದ ಆರಂಭಿಸಬೇಕು.

ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಬಣ್ಣದ ಪಕ್ಕದಲ್ಲಿ ಒಂದು ಸಾಲು ಇರುತ್ತದೆ: ‘ಒಂದೆರಡು ಕಡೆಗಳಲ್ಲಿ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ’. ದೂರದರ್ಶನದಲ್ಲಿಯೂ ಪತ್ರಿಕೆಯಲ್ಲಿಯೂ ಮೊದಲು ಉದುರಿಹೋಗುವುದು ಈ ‘ಒಂದೆರಡು ಕಡೆ’ ಎಂಬ ಮಾತೇ. ಇದು ಮಾತಿನ ಮರ್ಜಿಯಲ್ಲ, ಅಳತೆ ಇರುವ ಪದ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25 ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆಯಾಗುವಂತಿದ್ದರೆ ‘ಒಂದೆರಡು ಕಡೆ’, ಶೇಕಡಾ 26ರಿಂದ 50 ಆದರೆ ‘ಕೆಲವು ಕಡೆ’, 51ರಿಂದ 75 ಆದರೆ ‘ಹಲವು ಕಡೆ’, ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ಹಾಗಾಗಿ ‘ಒಂದೆರಡು ಕಡೆ’ ಎಂದು ಬರೆದ ಮುನ್ಸೂಚನಾಕಾರ ನಾಲ್ಕರಲ್ಲಿ ಮೂರು ಊರುಗಳಿಗೆ ಮಳೆ ಬಾರದು ಎಂದೇ ಹೇಳಿರುತ್ತಾನೆ. ಬಣ್ಣದ ಅರ್ಥವೂ ಬೇರೆ. ಮಳೆ ಬರುವುದು ಎಷ್ಟು ಖಚಿತ ಎಂಬುದನ್ನು ಬಣ್ಣವೊಂದೇ ಸೂಚಿಸುವುದಿಲ್ಲ. ಬಂದರೆ ಆಗಬಹುದಾದ ಹಾನಿಯನ್ನೂ ಬರುವ ಸಂಭವವನ್ನೂ ಕೂಡಿಸಿ ಅದನ್ನು ನಿಗದಿ ಮಾಡುತ್ತಾರೆ. ಹಳದಿ ಎಂದರೆ ಗಮನವಿಟ್ಟು ನೋಡುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ.

ಒಂದು ಸ್ಥೂಲ ಲೆಕ್ಕ ಹಾಕಿ ನೋಡೋಣ. ಕೋಲಾರ ಜಿಲ್ಲೆಯ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್. ಬೇಸಿಗೆಯ ಒಂದು ಗುಡುಗುಮೋಡ ಒಂದು ಹೊತ್ತಿಗೆ ಜೋರು ಮಳೆ ಸುರಿಸುವ ಜಾಗ ಐದಾರು ಕಿಲೋಮೀಟರ್ ಅಗಲದ್ದು. ಅರ್ಧ ಗಂಟೆಯಿಂದ ಒಂದು ಗಂಟೆಯ ಅದರ ಆಯುಷ್ಯದಲ್ಲಿ ಅದು ಸರಿದುಹೋಗುವ ನೆಲವನ್ನೆಲ್ಲ ಸೇರಿಸಿದರೆ ನೂರೈವತ್ತು ಚದರ ಕಿಲೋಮೀಟರ್ ಎಂದುಕೊಳ್ಳಬಹುದು. ಜಿಲ್ಲೆಯಲ್ಲಿ ಆ ಸಂಜೆ ಅಂಥ ಐದು ಮೋಡಗಳು ಎದ್ದರೂ ನೆನೆಯುವುದು ಜಿಲ್ಲೆಯ ಐದನೆಯ ಒಂದು ಭಾಗ ಮಾತ್ರ. ಆಲಿಕಲ್ಲಿನ ಪಟ್ಟಿ ಇನ್ನೂ ಕಿರಿದು. ಒಂದೆರಡು ಕಿಲೋಮೀಟರ್ ಅಗಲ, ಕೆಲವೇ ಕಿಲೋಮೀಟರ್ ಉದ್ದ. ನಿಮ್ಮ ನೆರೆಯ ಊರಿನ ತೋಟಕ್ಕೆ ಬಡಿದದ್ದು ಅಂಥದೊಂದು ಪಟ್ಟಿ. ಮುನ್ಸೂಚನೆ ಆ ದಿನ ಜಿಲ್ಲೆಯ ಮಟ್ಟಿಗೆ ಸರಿಯಾಗಿತ್ತು, ನಿಮ್ಮ ತೋಟದ ಮಟ್ಟಿಗೆ ಅದು ಏನನ್ನೂ ಹೇಳಿರಲಿಲ್ಲ. ಇನ್ನು ಹಿಂದಿನ ನಾಲ್ಕು ದಿನ ನಿಮ್ಮಲ್ಲಿ ಹನಿ ಬೀಳಲಿಲ್ಲ ಎಂಬುದರಿಂದಲೇ ಆ ದಿನಗಳ ಎಚ್ಚರಿಕೆ ಸುಳ್ಳಾಯಿತು ಎನ್ನಲಾಗದು. ಜಿಲ್ಲೆಯ ಉಳಿದ ಮಳೆಮಾಪಕಗಳು ಏನು ದಾಖಲಿಸಿದವು ಎಂದು ನೋಡಿದ ಮೇಲಷ್ಟೇ ಅದನ್ನು ತೀರ್ಮಾನಿಸಬಹುದು. ಇದರಲ್ಲಿ ತಪ್ಪು ಓದುಗರದು ಮಾತ್ರವಲ್ಲ ಎಂದು ನಾನು ನಂಬಿದ್ದೇನೆ. ಜಿಲ್ಲೆಗೆಲ್ಲ ಒಂದೇ ಬಣ್ಣ ಬಳಿದ ನಕ್ಷೆಯನ್ನು ಕೊಟ್ಟು, ಅದರ ಹಿಂದಿರುವ ಶೇಕಡಾವಾರನ್ನು ಜನರ ಭಾಷೆಯಲ್ಲಿ ಹೇಳದೆ ಬಿಟ್ಟರೆ, ರೈತ ಅದನ್ನು ತನ್ನ ಊರಿನ ಮಾತೆಂದೇ ಓದುತ್ತಾನೆ.

ಇನ್ನು, ಮುನ್ಸೂಚನಾಕಾರ ಬೆಳಿಗ್ಗೆ ಕುಳಿತು ಏನನ್ನು ನೋಡುತ್ತಾನೆ? ಗುಡುಗುಮಳೆಗೆ ಮೂರು ಬೇಕು: ಕೆಳಗಿನ ಗಾಳಿಯಲ್ಲಿ ತೇವ, ಮೇಲಕ್ಕೆ ಹೋದಂತೆ ಬೇಗ ತಣ್ಣಗಾಗುವ ವಾತಾವರಣ, ಮತ್ತು ಆ ತೇವದ ಗಾಳಿಯನ್ನು ಮೊದಲ ಬಾರಿಗೆ ಎತ್ತಿಕೊಡುವ ಒಂದು ಕಾರಣ. ಮೊದಲ ಎರಡನ್ನು ತಿಳಿಯಲು ಬೆಂಗಳೂರು, ಮಂಗಳೂರಿನಂಥ ಕೇಂದ್ರಗಳಿಂದ ಬೆಳಗಿನ 5.30ರ ವೀಕ್ಷಣೆಗೆಂದು ಬಲೂನು ಹಾರಿಸುತ್ತಾರೆ; ಅದಕ್ಕೆ ಕಟ್ಟಿದ ಸಣ್ಣ ಪೆಟ್ಟಿಗೆ ಏರುತ್ತಾ ಏರುತ್ತಾ ಉಷ್ಣತೆ, ತೇವ, ಒತ್ತಡಗಳನ್ನು ರೇಡಿಯೋ ಮೂಲಕ ಕಳಿಸುತ್ತದೆ. ಅದರಿಂದ ಕಟ್ಟಿದ ಚಿತ್ರದಲ್ಲಿ, ನೆಲದ ಗಾಳಿಯ ಒಂದು ಉಂಡೆಯನ್ನು ಮೇಲಕ್ಕೆ ಬಿಟ್ಟರೆ ಅದು ಸುತ್ತಲಿನ ಗಾಳಿಗಿಂತ ಎಷ್ಟು ಬಿಸಿಯಾಗಿ ಉಳಿದು ಎಷ್ಟು ರಭಸದಿಂದ ಏರೀತು ಎಂಬುದನ್ನು ಲೆಕ್ಕ ಹಾಕುತ್ತಾರೆ. ಈ ಶಕ್ತಿಯನ್ನು ಮುನ್ಸೂಚನಾಕಾರರು ‘ಕೇಪ್’ ಎನ್ನುತ್ತಾರೆ; ಒಂದು ಕಿಲೋಗ್ರಾಂ ಗಾಳಿಗೆ ಇಷ್ಟು ಜೂಲ್ ಎಂದು ಅದರ ಅಳತೆ. ಅದು 2,000 ಇದ್ದರೆ ಲೆಕ್ಕದ ಪ್ರಕಾರ ಮೋಡದೊಳಗಿನ ಮೇಲ್ಮುಖ ಗಾಳಿಯ ಗರಿಷ್ಠ ವೇಗ ಸೆಕೆಂಡಿಗೆ 63 ಮೀಟರ್. ಸುತ್ತಲಿನ ಒಣ ಗಾಳಿ ಬೆರೆಯುವುದರಿಂದಲೂ ಮಳೆನೀರಿನ ಭಾರದಿಂದಲೂ ನಿಜದಲ್ಲಿ ಅದರ ಅರ್ಧದಷ್ಟು ಸಿಕ್ಕರೆ ಹೆಚ್ಚು. ಆ ಅರ್ಧವೂ ಗಂಟೆಗೆ ನೂರು ಕಿಲೋಮೀಟರಿಗೆ ಮೀರಿದ್ದು. ಹೆಪ್ಪುಗಟ್ಟಿದ ನೀರಿನ ಗೋಲಿಗಳನ್ನು ಬೀಳಲು ಬಿಡದೆ ಮೇಲೆಯೇ ತಡೆಹಿಡಿದು ಆಲಿಕಲ್ಲಾಗಿ ಬೆಳೆಸುವುದು ಈ ಗಾಳಿಯೇ.

ಆದರೆ ಶಕ್ತಿ ಇದ್ದ ಮಾತ್ರಕ್ಕೆ ಮಳೆ ಬರುವುದಿಲ್ಲ. ‘ಈ ಪಾಟಿ ಬಿಸಿಲು ಕಾದಿದೆ, ಸಂಜೆಗೆ ಮಳೆ ಗ್ಯಾರಂಟಿ’ ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ; ಅದು ಅರ್ಧ ಸತ್ಯ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗರಿಷ್ಠ ಉಷ್ಣತೆ 38 ಡಿಗ್ರಿ ದಾಟಿತ್ತು, ಆದರೂ ನಗರದ ವೀಕ್ಷಣಾಲಯದಲ್ಲಿ ಆ ಇಡೀ ತಿಂಗಳು ಅಳೆಯುವಷ್ಟು ಮಳೆ ಬೀಳಲಿಲ್ಲ. ಅದರ ಹಿಂದಿನ ವರ್ಷ, 2023ರ ಮೇ ತಿಂಗಳೊಂದರಲ್ಲೇ ಅದೇ ವೀಕ್ಷಣಾಲಯದಲ್ಲಿ 300 ಮಿಲಿಮೀಟರಿಗೆ ಮೀರಿ ಮಳೆ ಸುರಿದಿತ್ತು. ಬಿಸಿಲಿನ ಜೊತೆಗೆ ಮುಖ್ಯವಾಗಿ ಬೇಕಾದದ್ದು ಕೆಳಗಿನ ಒಂದೆರಡು ಕಿಲೋಮೀಟರ್ ಗಾಳಿಯ ತೇವ, ಮತ್ತು ಅದರ ಮೇಲೆ ಕೂತಿರುವ ಮುಚ್ಚಳ ಸಡಿಲವಾಗಿರುವುದು. ಮುಚ್ಚಳ ಎಂದದ್ದು ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಹರಡಿರುವ ಬಿಸಿಯಾದ ಒಣ ಗಾಳಿಯ ಪದರವನ್ನು. ಕಾದ ಒಳನಾಡಿನ ಮೇಲಿಂದ ಹರಿದು ಬಂದ ಈ ಪದರ ಕೆಳಗಿನ ಗಾಳಿಯನ್ನು ಏರಗೊಡದೆ ಅದುಮಿ ಹಿಡಿಯುತ್ತದೆ. ಗಟ್ಟಿ ಮುಚ್ಚಳವಿದ್ದ ದಿನ ಸಂಜೆಯವರೆಗೂ ಬೆಂಕಿಯಂಥ ಬಿಸಿಲು, ತುಂಡು ಮೋಡ, ಆಮೇಲೆ ಬರೀ ಸೆಕೆ. ಮುಚ್ಚಳ ತೀರಾ ಇಲ್ಲದಿದ್ದರೆ ಮಧ್ಯಾಹ್ನಕ್ಕೇ ಸಣ್ಣಪುಟ್ಟ ಮಳೆಯಾಗಿ ಶಕ್ತಿ ಚೆಲ್ಲಿಹೋಗುತ್ತದೆ. ನಾವು ಹೆಚ್ಚು ಹೆದರುವುದು ಇವೆರಡರ ನಡುವಿನ ದಿನಕ್ಕೆ: ಮುಚ್ಚಳ ಮೂರು ನಾಲ್ಕು ಗಂಟೆಯವರೆಗೆ ತಡೆದು, ಶಕ್ತಿಯೆಲ್ಲ ಕೂಡಿದ ಮೇಲೆ ಒಂದು ಕಡೆ ಕಿತ್ತುಹೋಗುವ ದಿನ. ಆ ‘ಒಂದು ಕಡೆ’ ಯಾವುದು ಎಂಬುದೇ ನೀವು ಕೇಳಿದ ಪ್ರಶ್ನೆ.

ಅದನ್ನು ನಿರ್ಧರಿಸುವುದು ಮೂರನೆಯ ಅಂಶ, ಎತ್ತಿಕೊಡುವ ಕಾರಣ. ಏಪ್ರಿಲ್, ಮೇ ತಿಂಗಳ ಹವಾಮಾನ ವರದಿಗಳಲ್ಲಿ ವಿದರ್ಭ ಅಥವಾ ಮರಾಠವಾಡದ ಕಡೆಯಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನತ್ತ ಹಾದುಹೋಗುವ ಒಂದು ಟ್ರಫ್‌ನ, ಅಂದರೆ ಕಡಿಮೆ ಒತ್ತಡದ ಉದ್ದನೆಯ ತಗ್ಗಿನ, ಉಲ್ಲೇಖವನ್ನು ನೀವು ಮತ್ತೆ ಮತ್ತೆ ಕಂಡಿರಬಹುದು. ಅರಬ್ಬೀ ಸಮುದ್ರದ ಕಡೆಯ ಪಡುವಣ ಗಾಳಿ, ಬಂಗಾಳ ಕೊಲ್ಲಿಯ ಕಡೆಯ ಮೂಡಗಾಳಿ ಇವೆರಡೂ ಸುಮಾರು ಒಂದು ಕಿಲೋಮೀಟರ್ ಎತ್ತರದಲ್ಲಿ ಎದುರಾಗುವುದು ಇದರ ಆಸುಪಾಸಿನಲ್ಲೇ. ಎದುರಾದ ಗಾಳಿಗೆ ಮೇಲಕ್ಕಲ್ಲದೆ ಬೇರೆ ದಾರಿಯಿಲ್ಲ. ಈ ರೇಖೆ ಇಂದು ನಿಮ್ಮ ಜಿಲ್ಲೆಯ ಪಶ್ಚಿಮಕ್ಕಿದೆಯೋ ಪೂರ್ವಕ್ಕಿದೆಯೋ ಎಂಬುದರ ಮೇಲೆ ನಿಮ್ಮ ಗಾಳಿ ತೇವದ್ದೋ ಒಣದೋ ಎಂಬುದು ನಿಂತಿದೆ, ಮತ್ತು ಇದನ್ನು ಎರಡು ಮೂರು ದಿನ ಮೊದಲೇ ಒಂದು ಮಟ್ಟಿಗೆ ಹೇಳಬಹುದು. ಆದರೆ ಅದರ ಉದ್ದಕ್ಕೂ ಯಾವ ಬಿಂದುವಿನಲ್ಲಿ ಮೊದಲ ಮೋಡ ಏಳುತ್ತದೆ ಎಂಬುದನ್ನು ತೀರ್ಮಾನಿಸುವುದು ನಂದಿ ಬೆಟ್ಟದ ಸಾಲಿನಂಥ ಎತ್ತರಗಳು, ಹಿಂದಿನ ದಿನ ಮಳೆ ಬಿದ್ದು ತಣ್ಣಗಿರುವ ನೆಲ ಮತ್ತು ಪಕ್ಕದ ಒಣ ನೆಲದ ನಡುವಿನ ಅಂಚು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬೇರೊಂದು ಗುಡುಗುಮೋಡ ಸುರಿದು ಬಿಟ್ಟ ತಣ್ಣನೆಯ ಗಾಳಿ. ಮಳೆ ಬರುವ ಮುಂಚೆ ಬೀಸುವ ಮಣ್ಣಿನ ವಾಸನೆಯ ಆ ತಂಗಾಳಿ ಹತ್ತಾರು ಕಿಲೋಮೀಟರ್ ದೂರ ಹರಡುತ್ತದೆ. ಎರಡು ಕಡೆಯಿಂದ ಬಂದ ಇಂಥ ಗಾಳಿಗಳು ಎಲ್ಲಿ ಡಿಕ್ಕಿ ಹೊಡೆಯುತ್ತವೋ ಅಲ್ಲಿ ಹತ್ತು ಹದಿನೈದು ನಿಮಿಷಗಳಲ್ಲಿ ಹೊಸ ಮೋಡ ಎದ್ದು ನಿಲ್ಲುತ್ತದೆ. ಸಂಜೆ ಐದಕ್ಕೆ ಏಳುವ ಮೋಡದ ತಾಯಿ ಮೂರೂವರೆಗೆ ಹುಟ್ಟುವ ಇನ್ನೊಂದು ಮೋಡ ಎಂದಾದ ಮೇಲೆ, ಹಿಂದಿನ ದಿನವೇ ಅದರ ಜಾಗವನ್ನು ಗುರುತಿಸುವುದು ಹೇಗೆ?

ಕಂಪ್ಯೂಟರಿನ ಮಾದರಿಗಳು ಇದಕ್ಕೆ ಪೂರ್ತಿ ಪರಿಹಾರವಲ್ಲ. ಇಡೀ ಭೂಮಿಗೆ ಲೆಕ್ಕ ಹಾಕುವ ಮಾದರಿಗಳು ವಾತಾವರಣವನ್ನು ಚೌಕಗಳಾಗಿ ಹೆಚ್ಚಿ ಒಂದೊಂದು ಚೌಕಕ್ಕೂ ಒಂದೊಂದು ಉತ್ತರ ಕೊಡುತ್ತವೆ. ನಮ್ಮ ದೇಶದ ಇಂಥ ಮಾದರಿಯ ಚೌಕ ಬಹುಕಾಲ 12 ಕಿಲೋಮೀಟರ್ ಇತ್ತು. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಅದು 6 ಕಿಲೋಮೀಟರಿಗೆ ಇಳಿದಿದೆ. ದೊಡ್ಡ ಹೆಜ್ಜೆಯೇ ಸರಿ. ಆದರೆ ಒಂದು ವಸ್ತುವನ್ನು ಮಾದರಿ ಸರಿಯಾಗಿ ಚಿತ್ರಿಸಬೇಕಾದರೆ ಅದು ಐದಾರು ಚೌಕಗಳಷ್ಟಾದರೂ ಅಗಲವಿರಬೇಕು, ನಿಮ್ಮ ಮೋಡವೋ ಒಂದೇ ಚೌಕದೊಳಗೆ ಅಡಗಿ ಕೂರುವಂಥದು. ಚೌಕವನ್ನು ಇನ್ನೂ ಚಿಕ್ಕದು ಮಾಡಿದರೂ ಆರಂಭದ ಅಳತೆಯಲ್ಲಿನ ಸಣ್ಣ ತಪ್ಪು ಬೆಳೆಯುವ ವೇಗ ಕಡಿಮೆಯಾಗುವುದಿಲ್ಲ. ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 1969ರಲ್ಲೇ ತೋರಿಸಿದಂತೆ, ಚಲನೆ ಎಷ್ಟು ಚಿಕ್ಕದೋ ಅದನ್ನು ಮುಂಚಿತವಾಗಿ ಹೇಳಬಹುದಾದ ಅವಧಿಯೂ ಅಷ್ಟು ಕಿರಿದಾಗುತ್ತದೆ. ವಾರಗಟ್ಟಲೆ ಬಾಳುವ ಮುಂಗಾರಿನ ಏರಿಳಿತವನ್ನು ದಿನಗಳ ಮೊದಲೇ ಹೇಳಬಹುದು, ಒಂದು ಗಂಟೆ ಬಾಳುವ ಮೋಡವನ್ನು ಒಂದೆರಡು ಗಂಟೆ ಮೊದಲು ಹೇಳಿದರೆ ಅದು ದೊಡ್ಡದು.

ನಿಮ್ಮ ಊರಿಗೆ ಮತ್ತೊಂದು ಕಷ್ಟವೂ ಇದೆ, ಮತ್ತು ಇದರ ಬಗ್ಗೆ ನನಗೆ ನಿಜವಾದ ಬೇಸರವಿದೆ. ಕರ್ನಾಟಕದ ಪೂರ್ವ ಭಾಗದ ಮೋಡಗಳನ್ನು ಬಹುಕಾಲ ನೋಡಿಕೊಂಡು ಬಂದಿರುವುದು ಹೊರರಾಜ್ಯದ ರಾಡಾರುಗಳು, ಮುಖ್ಯವಾಗಿ ಚೆನ್ನೈಯದು. ಶ್ರೀನಿವಾಸಪುರ ಅಲ್ಲಿಂದ ನೇರ ರೇಖೆಯಲ್ಲಿ ಸುಮಾರು 225 ಕಿಲೋಮೀಟರ್. ರಾಡಾರಿನ ಕಿರಣವನ್ನು ದಿಗಂತಕ್ಕಿಂತ ಅರ್ಧ ಡಿಗ್ರಿ ಮೇಲೆತ್ತಿ ಬಿಟ್ಟರೆ, ಭೂಮಿ ಕೆಳಕ್ಕೆ ಬಾಗುತ್ತಾ ಹೋಗುವುದರಿಂದ, ನಿಮ್ಮ ಊರನ್ನು ತಲುಪುವ ಹೊತ್ತಿಗೆ ಆ ಕಿರಣ ಸಮುದ್ರಮಟ್ಟದಿಂದ ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಮೇ ತಿಂಗಳಲ್ಲಿ ನಮ್ಮ ಮೇಲೆ ನೀರು ಹೆಪ್ಪುಗಟ್ಟುವ ಎತ್ತರವೂ ಹೆಚ್ಚುಕಡಿಮೆ ಅದೇ. ಅಂದರೆ ಆ ರಾಡಾರಿಗೆ ಕಾಣುವುದು ನಿಮ್ಮ ಮೋಡದ ಹಿಮದ ಅರ್ಧ. ಮಳೆಯ ಅರ್ಧವೂ ನೆಲದ ಮೇಲೆ ಹರಡುವ ತಣ್ಣನೆ ಗಾಳಿಯ ಅಂಚೂ ಅದರ ದೃಷ್ಟಿಗೆ ಬೀಳುವುದಿಲ್ಲ. ಹೊಸ ಮೋಡ ಎಲ್ಲಿ ಏಳಲಿದೆ ಎಂಬುದನ್ನು ಹೇಳಿಕೊಡುವುದೇ ಆ ಅಂಚು. ಒಳನಾಡಿನಲ್ಲಿ ಹತ್ತಿರ ಹತ್ತಿರ ರಾಡಾರು ಬೇಕೆಂದು ಈ ಕ್ಷೇತ್ರದಲ್ಲಿರುವವರು ಪಟ್ಟು ಹಿಡಿಯುವುದು ಇದಕ್ಕಾಗಿ.

ಹೀಗಿರುವಾಗ ಮುನ್ಸೂಚನೆಯನ್ನು ಒಂದೇ ಮಾತೆಂದು ತಿಳಿಯದೆ, ಹತ್ತಿರ ಬಂದಂತೆ ಸ್ಪಷ್ಟವಾಗುವ ಮಾತೆಂದು ಬಳಸಬೇಕು. ನಾಲ್ಕೈದು ದಿನ ಮೊದಲಿನ ಪ್ರಕಟಣೆ ಹೇಳುವುದು ಇಷ್ಟೇ: ಆ ವಾರ ದಕ್ಷಿಣ ಒಳನಾಡಿಗೆ ತೇವದ ಗಾಳಿ ಬರುತ್ತದೆ. ಹಿಂದಿನ ದಿನದ ಎಚ್ಚರಿಕೆ ಜಿಲ್ಲೆಯನ್ನೂ ಗಾಳಿಯ ಬಿರುಸನ್ನೂ ಹೇಳುತ್ತದೆ. ಅದೇ ದಿನ ಮಧ್ಯಾಹ್ನದಿಂದ ಮೂರು ಮೂರು ಗಂಟೆಗೆ ಬರುವ ನೌಕಾಸ್ಟ್, ಅಂದರೆ ಮುಂದಿನ ಮೂರು ಗಂಟೆಗೆ ಮಾತ್ರ ಅನ್ವಯಿಸುವ ಮುನ್ಸೂಚನೆ, ಈಗಾಗಲೇ ಎದ್ದಿರುವ ಮೋಡಗಳನ್ನು ನೋಡಿ ಬರೆದದ್ದು. ನಿಮ್ಮಂಥವರಿಗೆ ಹೆಚ್ಚು ಬೆಲೆಯುಳ್ಳದ್ದು ಅದು, ಆದರೆ ನಾನು ಕಂಡಂತೆ ಅದನ್ನು ನೋಡುವವರು ಕಡಿಮೆ. ಅದಕ್ಕೂ ಹತ್ತಿರದ್ದು ಸಿಡಿಲಿನ ಸೂಚನೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನೀವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಿಡಿಲು ಬೀಳುತ್ತಿರುವುದನ್ನು ತೋರಿಸುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು ‘ಸಿಡಿಲು’ ಎಂಬ ಆ್ಯಪ್ ಇದೆ. ಅದೇ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಂತಾನೇ ಮಾಹಿತಿ ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ಮೋಡ ಬರುವ ದಿಕ್ಕಿನ ಪಂಚಾಯಿತಿಗಳಲ್ಲಿ ಮಳೆ ಶುರುವಾಗಿದೆಯೇ ಎಂದು ನೋಡಿಕೊಳ್ಳುವುದು ಯಾವ ಬಣ್ಣಕ್ಕಿಂತಲೂ ನಿಮ್ಮ ಊರಿಗೆ ಹತ್ತಿರದ ಮುನ್ಸೂಚನೆ.

ಈಗ ನಿಮ್ಮ ಮಾವಿಗೆ ಬರೋಣ. ಎಚ್ಚರಿಕೆ ಬಂದಾಗ ಏನು ಮಾಡಬೇಕು ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ, ಒಂದೇ ಲೆಕ್ಕವಿದೆ. ಮುಂಜಾಗ್ರತೆಗೆ ತಗಲುವ ಖರ್ಚನ್ನು, ಮುಂಜಾಗ್ರತೆ ಇಲ್ಲದಿದ್ದರೆ ಆಗುವ ನಷ್ಟದಿಂದ ಭಾಗಿಸಿ. ಹಾನಿಯ ಸಂಭವ ಆ ಭಾಗಲಬ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ಆ ಕೆಲಸ ಮಾಡುವುದು ಲಾಭ. ಉದಾಹರಣೆಗೆ, ಬಲಿಯದ ಕಾಯಿ ಕಿತ್ತರೆ ನೂರು ರೂಪಾಯಿಯ ಫಸಲಿನಲ್ಲಿ ನಲವತ್ತು ಕಳೆಯುತ್ತೀರಿ, ಆಲಿಕಲ್ಲು ಬಡಿದರೆ ಎಪ್ಪತ್ತು ಕಳೆಯುತ್ತೀರಿ ಎಂದುಕೊಳ್ಳಿ. ನಲವತ್ತನ್ನು ಎಪ್ಪತ್ತರಿಂದ ಭಾಗಿಸಿದರೆ ಶೇಕಡಾ 57. ಅಂದರೆ ನಿಮ್ಮ ತೋಟದ ಮೇಲೆಯೇ ಆಲಿಕಲ್ಲು ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ಕೀಳಬೇಕು. ‘ಒಂದೆರಡು ಕಡೆ’ ಎಂಬ ದಿನ ಮಳೆಯ ಸಂಭವವೇ ಕಾಲು ಭಾಗ, ಆಲಿಕಲ್ಲಿನದು ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಕೀಳಬೇಡಿ ಎಂದೆ. ಆದರೆ ಕಿತ್ತು ಮರದಡಿ ರಾಶಿ ಹಾಕಿದ ಹಣ್ಣಿಗೆ ಟಾರ್ಪಾಲು ಹೊದಿಸುವ ಖರ್ಚು ನೂರಕ್ಕೆ ಒಂದೆರಡು ರೂಪಾಯಿ. ಅಲ್ಲಿ ಹಳದಿ ಬಣ್ಣವೇ ಸಾಕು. ಔಷಧಿ ಸಿಂಪಡಣೆಯೂ ಹಾಗೆಯೇ, ಒಂದು ದಿನ ತಡೆದರೆ ಕಳೆಯುವುದು ಕಡಿಮೆ, ಸಿಂಪಡಿಸಿದ ಗಂಟೆಯೊಳಗೆ ಮಳೆ ಹೊಡೆದರೆ ಔಷಧಿಯೂ ಕೂಲಿಯೂ ನೀರುಪಾಲು. ಕಾಯಿ ಬಲಿತು ಇನ್ನೆರಡು ದಿನದಲ್ಲಿ ಕೀಳುವುದೇ ಇದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಆಗ ಮುಂಚೆ ಕೀಳುವುದರ ಖರ್ಚು ಬಹಳ ಕಡಿಮೆ, ಎಚ್ಚರಿಕೆ ಇದ್ದ ದಿನದ ಬೆಳಿಗ್ಗೆಯೇ ಆಳು ಕರೆಸಿ ಮಧ್ಯಾಹ್ನದೊಳಗೆ ಮುಗಿಸುವುದು ಜಾಣತನ.

ಬೆಳಗಿನಿಂದ ನಿಮ್ಮ ಕಣ್ಣಿಗೇ ಕಾಣುವ ಗುರುತುಗಳೂ ಇವೆ. ಇಬ್ಬನಿ ಬಿಂದು ಎಂಬ ಅಂಕಿಯನ್ನು ಹವಾಮಾನದ ಆ್ಯಪ್‌ಗಳಲ್ಲಿ ನೋಡಬಹುದು. ಗಾಳಿಯನ್ನು ಯಾವ ಉಷ್ಣತೆಗೆ ತಣ್ಣಗಾಗಿಸಿದರೆ ಅದರ ತೇವ ನೀರಾಗುತ್ತದೋ ಅದು. ಗಾಳಿಯ ಉಷ್ಣತೆಗೂ ಇದಕ್ಕೂ ಇರುವ ಅಂತರದ ಪ್ರತಿ ಡಿಗ್ರಿಗೆ ಸುಮಾರು 125 ಮೀಟರಿನಂತೆ ಮೋಡದ ತಳ ಮೇಲಿರುತ್ತದೆ. ಮಧ್ಯಾಹ್ನ 36 ಡಿಗ್ರಿ, ಇಬ್ಬನಿ ಬಿಂದು 12 ಇದ್ದರೆ ತಳ ಮೂರು ಕಿಲೋಮೀಟರ್ ಮೇಲೆ. ಮಳೆಯಾದರೂ ಹನಿಗಳು ದಾರಿಯಲ್ಲೇ ಆವಿಯಾಗಿ ಆ ತಣ್ಣನೆಯ ಭಾರದ ಗಾಳಿ ನೆಲಕ್ಕೆ ಅಪ್ಪಳಿಸುತ್ತದೆ. ಮಳೆಯಿಲ್ಲದೆ ಬಾಳೆ ಮುರಿಯುವ, ಕಾಯಿ ಉದುರಿಸುವ ಗಾಳಿ ಬರುವುದು ಹೆಚ್ಚಾಗಿ ಇಂಥ ದಿನಗಳಲ್ಲಿ; ನಿಮ್ಮಲ್ಲಿ ಆ ಸಂಜೆ ಬೀಸಿದ್ದೂ ನೆರೆಯ ಮೋಡ ಕೆಳಕ್ಕೆ ಸುರಿದ ಗಾಳಿಯೇ. ಇಬ್ಬನಿ ಬಿಂದು 20 ದಾಟಿದ್ದರೆ ತಳ ಎರಡು ಕಿಲೋಮೀಟರಿಗೆ ಇಳಿಯುತ್ತದೆ, ಒಳ್ಳೆಯ ಮಳೆಗೆ ಬೇಕಾದ ತೇವ ಇದೆ ಎಂದರ್ಥ. ಹನ್ನೊಂದು ಗಂಟೆಯ ಹೊತ್ತಿಗೆ ಆಕಾಶದಲ್ಲಿ ಅರಳೆಯಂಥ ಮೋಡಗಳು ಹುಟ್ಟಿ, ಒಂದೂವರೆಗೆ ಹೂಕೋಸಿನಂತೆ ಎತ್ತರಕ್ಕೆ ಉಬ್ಬಿದರೆ ಮುಚ್ಚಳ ಸಡಿಲಾಗಿದೆ. ಬೆಳಗಿನ ದಟ್ಟ ಮೋಡ ಮಧ್ಯಾಹ್ನದವರೆಗೂ ಕರಗದಿದ್ದರೆ ನೆಲ ಕಾಯುವುದಿಲ್ಲ, ಸಂಜೆಯ ಗುಡುಗಿನ ಸಂಭವ ಇಳಿಯುತ್ತದೆ. ಮೂಡಗಾಳಿ ಸೆಕೆ ಹೊತ್ತು ತಂದಿದೆಯೇ, ಒಣ ಗಾಳಿ ಬೀಸುತ್ತಿದೆಯೇ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಮೈಗೆ ಗೊತ್ತಾಗುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಹದಿಮೂರು ಹದಿನಾಲ್ಕು ದಿನಗಳ ಲೆಕ್ಕ ಇಟ್ಟ ನಮ್ಮ ಹಿರಿಯರು ಹಿಡಿದದ್ದು ಋತುವಿನ ನಡೆಯನ್ನು. ಅದನ್ನು ನಾನು ಗೌರವಿಸುತ್ತೇನೆ, ಆದರೆ ಒಂದು ಸಂಜೆಯ ಮೋಡಕ್ಕೆ ಆ ಲೆಕ್ಕ ಸಾಲದು.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು ಸಿಡಿಲಿನದು. 2022ರಲ್ಲಿ ದೇಶದಲ್ಲಿ 2,887 ಮಂದಿ ಸಿಡಿಲಿಗೆ ಬಲಿಯಾದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಹೊಲದಲ್ಲಿರುವವರು, ಕುರಿ ದನ ಮೇಯಿಸುವವರು, ಮಳೆಗೆ ಮರದಡಿ ನಿಂತವರು ಇದಕ್ಕೆ ಮೊದಲು ಸಿಕ್ಕಿಬೀಳುತ್ತಾರೆ. ಆಲಿಕಲ್ಲಿನಂತೆ ಸಿಡಿಲಿಗೆ ಕಿರಿದಾದ ಪಟ್ಟಿಯಿಲ್ಲ. ಮಳೆ ಬೀಳುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಯೂ ಅದು ನೆಲ ಮುಟ್ಟಬಲ್ಲದು. ಮೇಲೆ ಹೇಳಿದ ಲೆಕ್ಕವನ್ನು ಇಲ್ಲಿಗೂ ಹಾಕಿ ನೋಡಿ: ಒಂದು ಗಂಟೆಯ ಕೂಲಿ ಒಂದು ಕಡೆ, ಏಣಿಯ ಮೇಲಿರುವ ಆಳಿನ ಪ್ರಾಣ ಇನ್ನೊಂದು ಕಡೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ ಮೂವತ್ತು ಮುಟ್ಟುವ ಮೊದಲೇ ಗುಡುಗು ಕೇಳಿಸಿದರೆ ಏಣಿಯಿಂದ ಇಳಿಸಿ ಎಲ್ಲರನ್ನೂ ಗೋಡೆ ಚಾವಣಿಗಳಿರುವ ಗಟ್ಟಿ ಕಟ್ಟಡಕ್ಕೋ ಗಾಜು ಏರಿಸಿದ ವಾಹನದೊಳಕ್ಕೋ ಕಳಿಸಿ. ತೋಟದ ಸೋಗೆ ಗುಡಿಸಲು, ಮರದ ಬುಡ, ತಗಡಿನ ತೆರೆದ ಶೆಡ್ಡು ಇವು ಯಾವುವೂ ಆಸರೆಯಲ್ಲ. ಮಳೆ ನಿಂತ ಕೂಡಲೇ ಉದುರಿದ ಕಾಯಿ ಆರಿಸಲು ಓಡುವುದು ನಮ್ಮ ಕಡೆ ರೂಢಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮಕ್ಕಳನ್ನೂ ಆಳುಗಳನ್ನೂ ತೋಟಕ್ಕೆ ಬಿಡಬೇಡಿ.